ಮತ್ತಿತರರ ವೈರಿ

ಒಂದೇ ಒಂದು ಶಬ್ದದ ಮೇಲೆ ಜೀವಮಾನವಿಡೀ ಹಗೆ ಸಾಧಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ದುಬೈಯ ಒಂದು ಪತ್ರಿಕಾ ಕಚೇರಿಯಲ್ಲಿ ಹನ್ನೊಂದು ವರ್ಷ ಅವರ ಎದುರು ಮೇಜಿನಲ್ಲಿ ಕೂತು ಬದುಕಿ ಬಂದಿದ್ದೇನೆ! ಅವರು ಕರಾಚಿಯವರು, ಪತ್ರಕರ್ತರು, ಮೇಲಾಗಿ ಇತಿಹಾಸಕಾರರು. ನಾನು ಮೈಸೂರಿನವಳು, ಪತ್ರಿಕೆಯ ಪುಟ ಕಟ್ಟುವವಳು. ಅವರು ಬರೆಯುವುದು, ನಾನು ಕತ್ತರಿಸುವುದು. ಗಡಿ ತಂಟೆಗೆ ಇನ್ನೇನು ಬೇಕು?

ಆ ಶಬ್ದ ಯಾವುದೆಂದರೆ, ‘ಮತ್ತಿತರರು’. ಫೋಟೋದ ಕೆಳಗೆ ಹಾಕುತ್ತೇವಲ್ಲ, ಇಂಥವರು, ಇಂಥವರು ಮತ್ತಿತರರು ಉಪಸ್ಥಿತರಿದ್ದರು ಎಂದು, ಅದೇ. ಇಂಗ್ಲಿಷಿನಲ್ಲಾಗಲಿ ಉರ್ದುವಿನಲ್ಲಾಗಲಿ ಅದನ್ನು ಕಂಡರೆ ಸಾಹೇಬರಿಗೆ ಮೈಯೆಲ್ಲ ಉರಿ. ಫೋಟೋದಲ್ಲಿ ಹದಿನೇಳು ಜನರಿದ್ದರೆ ಹದಿನೇಳು ಹೆಸರು, ಹದಿನೇಳು ಊರು ಬರೆದು ತರುತ್ತಿದ್ದರು. ನಮ್ಮ ಪುಟದಲ್ಲಿ ಜಾಗವಿರುವುದು ಎರಡು ಸಾಲಿಗೆ.

“ಸಾಹೇಬರೇ, ಫೋಟೋಗಿಂತ ಅಡಿಬರಹವೇ ದೊಡ್ಡದಾಗಿದೆ.”

“ಹಾಗಾದರೆ ಫೋಟೋ ಚಿಕ್ಕದು ಮಾಡು ಬೇಟಿ.”

(ನಾವಾಡುತ್ತಿದ್ದುದು ಹಿಂದಿಯೋ ಉರ್ದುವೋ ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಆದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.)

ಅವರ ವೃತ್ತಿಜೀವನವೆಲ್ಲ ಹೀಗೇ. ಹುಡುಗನಾಗಿದ್ದಾಗ ಕರಾಚಿಯಲ್ಲಿ ಕ್ರಿಕೆಟ್ ವರದಿಗೆ ಕಳಿಸಿದರೆ, ಸ್ಕೋರ್ ಬೋರ್ಡಿನ ಹಿಂದೆ ಕೂತು ಅಂಕಿ ತಿರುಗಿಸುವವನ ಬಗ್ಗೆ ಬರೆದು ತಂದರಂತೆ. ಗೆದ್ದವರು ಯಾರು ಎಂದು ಸಂಪಾದಕರು ಕೇಳಿದಾಗ, ಅದನ್ನು ಬೋರ್ಡಿನ ಮುಂದೆ ಕೂತವರನ್ನು ಕೇಳಬೇಕು ಎಂದರಂತೆ! ಇಲ್ಲಿಗೆ ಬಂದ ಮೇಲೆ ಅಬುಧಾಬಿಯ ಒಂದು ಚಿತ್ರಪ್ರದರ್ಶನಕ್ಕೆ ಹೋದರು. ಚೌಕಟ್ಟು ಹಾಕಿದವರು, ಮೊಳೆ ಹೊಡೆದವರು, ನೆಲ ಒರೆಸಿದವರು ಎಲ್ಲರ ಹೆಸರೂ ಬಂತು. ಮುಖ್ಯ ಅತಿಥಿಯದು ಮಾತ್ರ ಇರಲಿಲ್ಲ. “ಅವರ ಹೆಸರು ಗೋಡೆಯ ಮೇಲೇ ಇತ್ತಲ್ಲ” ಎಂದು ನನಗೇ ಆಶ್ಚರ್ಯದಿಂದ ಹೇಳಿದರು. ಆ ದಿನ ನಾನು ಕತ್ತರಿಸಿದ ಹೆಸರುಗಳನ್ನು ಒಂದು ಬಸ್ಸಿಗೆ ತುಂಬಬಹುದಿತ್ತು.

ಹಾಗೆ ನಾನು ಕತ್ತರಿಸಿದ್ದನ್ನೆಲ್ಲ ಅವರು ಜೋಪಾನವಾಗಿ ಎತ್ತಿಡುತ್ತಿದ್ದರು. ಅದೇ ಪುಸ್ತಕವಾಗುತ್ತಾ ಬಂತು: ಈ ಊರಿಗೆ ದುಡಿಯಲು ಬಂದವರ ಹಾಡು, ಊಟ, ಸಂಜೆಗಳ ಚರಿತ್ರೆ, ಅದರ ತುಂಬ ಹಳೆಯ ಫೋಟೋಗಳು, ಒಂದೊಂದರಲ್ಲೂ ಎಲ್ಲರ ಹೆಸರು. ಅಷ್ಟರಲ್ಲಿ ನಿವೃತ್ತಿ ಬಂತು. ಕೆಲಸ ಮುಗಿದರೆ ವೀಸಾವೂ ಮುಗಿಯಿತು; ತಿಂಗಳೊಳಗೆ ಕರಾಚಿಗೆ ಹೊರಡಬೇಕು. ಮುದ್ರಕರು ಅಲ್ಲಿ ಕಾಯುತ್ತಿದ್ದಾರೆ. ಪುಸ್ತಕ ಮಾತ್ರ ಮುಗಿದಿಲ್ಲ. ಯಾಕೆ? ಒಂದು ಜಡೆಯ ದೆಸೆಯಿಂದ!

ದುಬೈಯ ಊದ್ ಮೇಥಾ ಬಡಾವಣೆಯ ಒಂದು ಸಭಾಂಗಣದಲ್ಲಿ ಕನ್ನಡಿಗರ ಹಾಡಿನ ಸಂಜೆ, ಹಳೆಯ ಫೋಟೋ. ಹಾರ್ಮೋನಿಯಮ್ಮಿನವರು, ತಬಲಾದವರು, ಹಾಡುವವರು, ಎಲ್ಲರ ಹೆಸರೂ ಸಿಕ್ಕಿತ್ತು. ಕ್ಯಾಮೆರಾಗೆ ಬೆನ್ನು ಹಾಕಿ ಕೂತ ಒಬ್ಬ ಹೆಂಗಸಿನದು ಬಿಟ್ಟು. ಕಾಣುವುದು ಒಂದು ಉದ್ದ ಜಡೆ, ಅದರ ತುಂಬ ಮಲ್ಲಿಗೆ, ಅಷ್ಟೇ.

“ಬಿಟ್ಟುಬಿಡಿ ಸಾಹೇಬರೇ. ಮುಖವೇ ಇಲ್ಲ.”

“ಮುಖ ಇತ್ತು. ಫೋಟೋ ತೆಗೆದವನು ಈ ಕಡೆ ನಿಂತಿದ್ದ, ಅವಳ ತಪ್ಪೇನು? ಇವಳ ಹೆಸರಿಲ್ಲದೆ ಪುಸ್ತಕ ಇಲ್ಲ. ಕರಾಚಿಗೆ ಹೋದಮೇಲೆ ನಾನು ಯಾರನ್ನು ಕೇಳಲಿ?”

ಅರವತ್ತು ದಾಟಿದ ಗಂಡಸು, ಅದೂ ಕರಾಚಿಯವರು, ನಮ್ಮವರೇ ತುಂಬಿರುವ ಕರಾಮ ಬಡಾವಣೆಯ ಮನೆಮನೆಗೆ ಹೋಗಿ ‘ಅಮ್ಮಾ, ಇದು ಯಾರ ಜಡೆ’ ಎಂದು ಕೇಳಿದರೆ ಏನಾದೀತು? ಹೀಗಾಗಿ ಆ ಕೆಲಸ ನನ್ನ ತಲೆಗೆ ಬಂತು. ಸಾಹೇಬರನ್ನು ಜೊತೆಗಿಟ್ಟುಕೊಂಡು ನಾನೇ ಕೇಳಿದೆ. ಒಂದು ವಾರದಲ್ಲಿ ಒಂದು ಜಡೆಗೆ ಮೂವರು ಒಡತಿಯರು ಹುಟ್ಟಿಕೊಂಡರು!

“ನಂದೇ ಕಣ್ರೀ. ಆಗ ನನ್ನ ಕೂದಲು ಹಿಂಗೇ ಇತ್ತು” ಎಂದರು ಒಬ್ಬರು.

“ಯಾವಾಗ ಇತ್ತೇ?” ಎಂದರು ಪೇಪರ್ ಓದುತ್ತಿದ್ದ ಅವರ ಯಜಮಾನರು. ಆ ಸಂಜೆ ಆ ಮನೆಯಲ್ಲಿ ನಮಗೆ ಕಾಫಿ ಸಿಗಲಿಲ್ಲ.

ಮೂವರಿಗೂ ಸಾಹೇಬರದು ಒಂದೇ ಪರೀಕ್ಷೆ. “ಫೋಟೋ ತೆಗೆದಾಗ ನೀವು ಯಾವ ಕಡೆ ನೋಡುತ್ತಿದ್ದಿರಿ?” ಇಬ್ಬರು ನೆನಪಿಲ್ಲ ಎಂದರು. ಮೂರನೆಯವರು ಧೈರ್ಯವಾಗಿ “ಕ್ಯಾಮೆರಾನೇ ನೋಡ್ತಿದ್ದೆ” ಎಂದರು.

ಹೊರಡಲು ನಾಲ್ಕು ದಿನ ಉಳಿದಾಗ ಯಾರೋ ಹೇಳಿದರು, ಅಲ್ ನಹ್ದಾ ಬಡಾವಣೆಯಲ್ಲಿ ಮಗಳ ಮನೆಯಲ್ಲಿ ಒಬ್ಬ ಹಳೆಯ ನರ್ಸ್ ಇದ್ದಾರೆ, ಮಂಗಳೂರು ಕಡೆಯ ಕೊಂಕಣಿಯವರು, ಆ ಕಾಲದ ಕಾರ್ಯಕ್ರಮಕ್ಕೆಲ್ಲ ಬರುತ್ತಿದ್ದರು ಎಂದು. ಇಬ್ಬರೂ ಬಸ್ಸಿನಲ್ಲಿ ಹೋದೆವು. ಆ ಆಂಟಿ ಫೋಟೋದ ನಕಲನ್ನು ಕೈಗೆತ್ತಿಕೊಂಡರು. ಕನ್ನಡಕ ಹಾಕಿಕೊಳ್ಳಲೂ ಇಲ್ಲ.

“ಇದು ಗಿರಿಜಾ ಅಲ್ವಾ?”

“ಬರೀ ಬೆನ್ನು ಕಾಣ್ತಿದೆ ಆಂಟಿ. ಹೇಗೆ ಗೊತ್ತಾಯ್ತು?”

“ನಾಲ್ಕು ವರ್ಷ ಒಂದೇ ರೂಮಲ್ಲಿ ಇದ್ದದ್ದು ನಾವು. ಡ್ಯೂಟಿಗೆ ಹೋಗ್ಲಿಕ್ಕೆ ಮುಂಚೆ ಅವಳ ಜಡೆ ನಾನು ಹಾಕುದು, ನನ್ನದು ಅವಳು. ಅವಳ ಮುಖಕ್ಕಿಂತ ಬೆನ್ನನ್ನೇ ನಾನು ಜಾಸ್ತಿ ನೋಡಿದ್ದು ಮಾರಾಯ್ತಿ.”

ನಾನು ಸಾಹೇಬರಿಗೆ ಹಿಂದಿಯಲ್ಲಿ ಹೇಳಿದೆ. ಅವರು ತಮ್ಮ ಪರೀಕ್ಷೆಯ ಪ್ರಶ್ನೆ ಕೇಳಲಿಲ್ಲ.

“ಆ ಹೂ ಉಂಟಲ್ಲ, ಊರಿಂದ ಬಂದವರು ವಿಮಾನದಲ್ಲಿ ನನಗೆ ಅಂತ ತಂದದ್ದು. ಅವಳಿಗೆ ಚಂದ ಕಾಣ್ತದೆ ಅಂತ ಅಷ್ಟನ್ನೂ ಅವಳಿಗೇ ಮುಡಿಸಿದೆ.” ಆಂಟಿ ಫೋಟೋವನ್ನು ಮಡಿಲಲ್ಲಿಟ್ಟುಕೊಂಡರು. “ಮತ್ತೆ ಅವಳಿಗೆ ಸೌಖ್ಯ ಇಲ್ಲದೆ ಬೈಂದೂರಿಗೆ ಹೋದಳು. ಅಲ್ಲೇ ತೀರಿಹೋದಳು. ನನ್ನ ಹತ್ರ ಅವಳದ್ದು ಒಂದು ಫೋಟೋ ಕೂಡ ಇಲ್ಲ.”

ಸಾಹೇಬರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಗಿರಿಜಾ, ನರ್ಸ್, ಬೈಂದೂರು. ಫೋಟೋದ ಮೂಲಪ್ರತಿಯನ್ನು ಅವರು ಯಾರ ಕೈಗೂ ಬಿಡುವವರಲ್ಲ, ನನಗೇ ಮುಟ್ಟಲು ಕೊಟ್ಟಿರಲಿಲ್ಲ. ಈಗ ಅದನ್ನೇ ಚೀಲದಿಂದ ತೆಗೆದು, ಎದ್ದು ನಿಂತು “ಇದು ನಿಮ್ಮದು” ಎಂದು ಆಂಟಿಗೆ ಕೊಟ್ಟುಬಿಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷ ಈ ಮನುಷ್ಯನನ್ನು ನಾನು ಬರೀ ಪುಟದ ಅಳತೆಯಲ್ಲಿ ನೋಡಿದ್ದೆ.

ಸಾಹೇಬರು ಹೋದರು. ಕೆಲವು ತಿಂಗಳ ಮೇಲೆ ಪುಸ್ತಕ ಬಂತು, ಎರಡು ಪ್ರತಿ. ಒಂದನ್ನು ಅಲ್ ನಹ್ದಾಗೆ ಒಯ್ದೆ. ಆ ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಏಳು ಸಾಲು ಹೆಸರು. ಕತ್ತರಿಸಲು ನಾನಿರಲಿಲ್ಲವಲ್ಲ! ನಾನು ಪುಟ ಒತ್ತಿ ಹಿಡಿದೆ, ಆಂಟಿ ಗಿರಿಜಾಳ ಹೆಸರಿನ ಮೇಲೆ ಬೆರಳಿಟ್ಟರು, ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಅದರ ಫೋಟೋ ಮೊಬೈಲಿನಲ್ಲಿ ತೆಗೆದು ಕರಾಚಿಗೆ ಕಳಿಸಿದೆ. ಧನ್ಯವಾದವೋ ದುವಾದ ಹಾರೈಕೆಯೋ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಪ್ರಶ್ನೆ.

“ಎಡಗಡೆ ಪುಟ ಹಿಡಿದ ಹೆಬ್ಬೆರಳು ಯಾರದು?”

“ನನ್ನದೇ ಸಾಹೇಬರೇ.”

“ಪೂರ್ತಿ ಹೆಸರು ಬರೆ ಬೇಟಿ. ಊರು ಸಮೇತ.”

ಅಷ್ಟು ವರ್ಷ ಪುಟ ಕಟ್ಟಿದ್ದೆ. ಯಾವ ಪುಟದಲ್ಲೂ ನನ್ನ ಹೆಸರು ಬಂದಿರಲಿಲ್ಲ, ಬರಬೇಕೆಂದು ನನಗೂ ಹೊಳೆದಿರಲಿಲ್ಲ. ಆಂಟಿಯ ಪಕ್ಕದಲ್ಲಿ ಕೂತು ಬರೆದೆ. ನನ್ನ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಮೈಸೂರಿನಲ್ಲಿ ನಮ್ಮ ಬೀದಿಯ ಹೆಸರು. ತುಂಬ ಉದ್ದವಾಯಿತು. ಒಂದಕ್ಷರವನ್ನೂ ಕತ್ತರಿಸದೆ ಕಳಿಸಿದೆ.