ನಾಯಕರು ನನ್ನತ್ತ ಕೈ ಬೀಸಿದ ದಿನ

"ಇವತ್ತಿನಿಂದ, ನಮ್ಮ ನಾಯಕರು ಗೆದ್ದು ಕುರ್ಚಿಯ ಮೇಲೆ ಕೂರುವವರೆಗೆ, ಅವರನ್ನು ಒಪ್ಪದವರ ಜೊತೆ ನಾನು ಒಂದೇ ಒಂದು ಮಾತೂ ಆಡೋದಿಲ್ಲ! ಇದು ನನ್ನ ಪ್ರತಿಜ್ಞೆ!"

ಮೈದಾನದ ಸಭೆಯಿಂದ ಮನೆಗೆ ಬಂದವನು ಚಪ್ಪಲಿಯನ್ನೂ ಕಳಚದೆ, ಬಲಗೈ ಮೇಲೆತ್ತಿ ಹೀಗೆ ಗರ್ಜಿಸಿದಾಗ ನನ್ನ ಹೆಂಡತಿ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ಚಪ್ಪಲಿ ಹೊರಗೆ ಬಿಡಿ," ಎಂದಳು.

ಮಹಾ ಪ್ರತಿಜ್ಞೆಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ! ಆದರೂ ನಾನು ಕುಗ್ಗಲಿಲ್ಲ. ಸಭೆಯಲ್ಲಿ ನಾಯಕರು ಸ್ವತಃ ಹೇಳಿದ್ದರು: "ನನ್ನ ಜೊತೆ ಇಲ್ಲದವರ ಜೊತೆ ನಿಮಗೇನು ಮಾತು?" ಮೈದಾನದಲ್ಲಿದ್ದ ಅಷ್ಟೂ ಜನ ಚಪ್ಪಾಳೆ ತಟ್ಟಿ, ಮಾತನ್ನು ಅಲ್ಲೇ ಬಿಟ್ಟು ಮನೆಗೆ ಹೋದರು. ಆ ಮಾತನ್ನು ಜೋಪಾನವಾಗಿ ಮನೆಗೆ ಹೊತ್ತು ತಂದ ಮಹಾನುಭಾವ ನಾನೊಬ್ಬನೇ ಇರಬೇಕು.

"ಅದಿರಲಿ, ನಿನ್ನ ಓಟು ಯಾರಿಗೆ?" ಎಂದು ಹೆಂಡತಿಯನ್ನು ಕೇಳಿದೆ.

"ಅದು ಗುಟ್ಟು."

"ಗಂಡನ ಹತ್ತಿರ ಎಂಥ ಗುಟ್ಟೇ?"

"ಈ ಮನೆಯಲ್ಲಿ ನಂದು ಅಂತ ಗುಟ್ಟಿರೋದು ಅದೊಂದೇ ಕಣ್ರೀ. ಬೇಕಾದ್ರೆ ಬೀರುವಿನ ಕೀಲಿ ಕೇಳಿ, ಕೊಡ್ತೀನಿ. ಇದನ್ನ ಕೊಡಲ್ಲ."

ಪ್ರತಿಜ್ಞೆಯ ಪ್ರಕಾರ ನಾನು ತುಟಿ ಹೊಲಿದುಕೊಂಡೆ. ಮೊದಲ ಬಲಿ, ಸ್ವಂತ ಹೆಂಡತಿ!

ಎರಡನೆಯ ಬಲಿ ಎದುರು ಸಾಲಿನ ಬಡಗಿ. ಇಪ್ಪತ್ತು ವರ್ಷದಿಂದ ಪ್ರತಿ ಸಂಜೆ ಅವನ ಕೆಲಸದ ಬೆಂಚಿನ ಮೇಲಿನ ಮರದ ಹೊಟ್ಟು ಸರಿಸಿ ಚದುರಂಗ ಆಡುತ್ತಿದ್ದವರು ನಾವು. ಸಭೆಯ ಮರುದಿನ ಸಂಜೆ ಅವನ ಟೀವಿಯಲ್ಲಿ ನಾಯಕರ ಅದೇ ಭಾಷಣ ಮತ್ತೆ ಬರುತ್ತಿತ್ತು. ನಾಯಕರು ಕಣ್ಣೊರೆಸಿಕೊಳ್ಳುವ ಭಾಗ ಬಂತು. ನಾನೂ ಕಣ್ಣೊರೆಸಿಕೊಂಡೆ. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಬಡಗಿ ಆಕಳಿಸುತ್ತಿದ್ದಾನೆ! ಸಣ್ಣಪುಟ್ಟ ಆಕಳಿಕೆಯಲ್ಲ, ಕಿರುನಾಲಿಗೆ ಕಾಣುವಂಥದ್ದು! ನಾನು ಎದ್ದೆ. ಗೆಲ್ಲುವ ಆಟವನ್ನು ಅರ್ಧಕ್ಕೇ ಬಿಟ್ಟು ಹೊರಟೆ.

"ಲೋ, ಎಲ್ಲಿಗೆ? ನಿನ್ನ ನಡೆ ಇದೆಯಲ್ಲೋ!" ಎಂದು ಅವನು ಹಿಂದಿನಿಂದ ಕೂಗಿದ. ನಾನು ತಿರುಗಿ ನೋಡಲಿಲ್ಲ.

ಆಮೇಲೆ ಬಲಿಗಳ ಸಾಲೇ ಸಾಲು. ಹಾಲಿನವನು ಎದುರು ಪಕ್ಷದ ಕ್ಯಾಲೆಂಡರ್ ಇಟ್ಟುಕೊಂಡಿದ್ದ, ಅವನ ಜೊತೆ ಮಾತು ಬಂದ್. ಕ್ಷೌರಿಕ "ಯಾರು ಬಂದ್ರೂ ಅಷ್ಟೇ ಬಿಡಿ ಸಾರ್" ಎಂದ. ಕತ್ತರಿ ಇನ್ನೂ ತಲೆಯ ಮೇಲಿರುವಾಗಲೇ ಅವನನ್ನೂ ಬಿಟ್ಟೆ. ಹಾಗಾಗಿ ಒಂದು ತಿಂಗಳು ನನ್ನ ತಲೆಯ ಎಡಭಾಗ ಒಂದು ಥರ, ಬಲಭಾಗ ಇನ್ನೊಂದು ಥರ ಇತ್ತು. ಮೇಲಿನ ಮನೆಯ ಟೀಚರಮ್ಮ ನಾಯಕರ ಹೆಸರನ್ನು ಬಹುವಚನ ಇಲ್ಲದೆ ಹೇಳಿದ್ದರಿಂದ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಾ ಇಳಿಯತೊಡಗಿದೆ.

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ, ಗಿರಾಕಿಗಳ ದೃಷ್ಟಿ ಪರೀಕ್ಷಿಸುವ ಕೆಲಸ. ಅಲ್ಲಿ ವ್ರತ ಪಾಲಿಸುವುದು ಹೇಗೆ? ಉಪಾಯ ಹೊಳೆಯಿತು! ಒಂದು ಸ್ಲೇಟು ತಂದೆ. ಬಂದವರು ಯಾವ ಕಡೆಯವರೆಂದು ತಿಳಿಯದಿದ್ದರೆ ಅದರ ಮೇಲೆ ಬರೆದು ತೋರಿಸುತ್ತಿದ್ದೆ: "ಬಲಗಣ್ಣು ಮುಚ್ಚಿ ಓದಿ."

"ಏನು ಬರೆದಿದ್ದೀರಿ?" ಎಂದರು ಒಬ್ಬ ಅಜ್ಜಿ.

ನಾನು ಸ್ಲೇಟನ್ನು ಬೆರಳಿನಿಂದ ಕುಟ್ಟಿದೆ.

"ಅಯ್ಯೋ, ಓದೋಕೆ ಆಗಲ್ಲ ಅಂತಲೇ ಇಲ್ಲಿಗೆ ಬಂದಿರೋದಪ್ಪ!"

ಮಾಲೀಕರು ಓಡಿಬಂದು ಕೈಮುಗಿದರು, ಅಜ್ಜಿಗೆ ಒಮ್ಮೆ, ನನಗೆ ಒಮ್ಮೆ. ಮರುದಿನದಿಂದ ನನ್ನನ್ನು ಹಿಂದಿನ ಕೋಣೆಗೆ, ಗಾಜು ಉಜ್ಜುವ ಯಂತ್ರದ ಮುಂದೆ ಕೂರಿಸಿದರು. ಆ ಯಂತ್ರ ಯಾವ ಪಕ್ಷದ್ದೂ ಅಲ್ಲ. ಆದರೆ ಅದರ ಜೊತೆ ಎಷ್ಟು ಹೊತ್ತು ಅಂತ ಮಾತಾಡುವುದು ಹೇಳಿ!

ಮೂರು ವಾರ ಹೆಂಡತಿ ಸಹಿಸಿದಳು. ನಾಲ್ಕನೆಯ ವಾರ ಸೂಟ್‌ಕೇಸ್ ಎತ್ತಿಕೊಂಡಳು.

"ಅಕ್ಕನ ಮನೆಗೆ ಹೋಗ್ತೀನಿ. ಅಲ್ಲೊಂದು ಗಿಳಿ ಇದೆ. ಓಟು ಯಾರಿಗೆ ಅಂತ ಕೇಳದೇನೇ ಮಾತಾಡುತ್ತೆ."

'ಹೋಗಬೇಡ ಕಣೇ' ಎಂಬ ಮಾತು ಗಂಟಲಿನವರೆಗೆ ಬಂತು. ನುಂಗಿದೆ. ಅವಳು ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಚಪ್ಪಲಿ ಹಾಕಿಕೊಳ್ಳಲು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು. ನಾನು ಕ್ಯಾಲೆಂಡರ್ ನೋಡುತ್ತಿದ್ದೆ. ಕ್ಯಾಲೆಂಡರಿನಲ್ಲಿ ನಾಯಕರು ನಗುತ್ತಿದ್ದರು.

ಮುಂದಿನ ಮೂರು ತಿಂಗಳು ನಾನು, ನಾಯಕರು, ಇಬ್ಬರೇ! ಮನೆಯನ್ನೆಲ್ಲ ಅವರ ಪಕ್ಷದ ಹಸಿರು ಬಣ್ಣಕ್ಕೆ ತಿರುಗಿಸಿದೆ. ಪರದೆ ಹಸಿರು, ಬಕೆಟ್ ಹಸಿರು, ಟವೆಲ್ ಹಸಿರು. ಮೊಬೈಲಿಗೆ ಅವರ ಭಾಷಣದ ತುಣುಕನ್ನೇ ರಿಂಗ್‌ಟೋನ್ ಮಾಡಿಕೊಂಡೆ: "ಎದ್ದೇಳಿ! ಹೊರಗೆ ಬನ್ನಿ! ನಾನಿದ್ದೇನೆ!" ಅದು ಮೊಳಗುತ್ತಿದ್ದುದೇ ಅಪರೂಪ. ಸಂಜೆ ಎದುರಿನ ಅಂಗಡಿಯಲ್ಲಿ ಬಡಗಿ ಒಬ್ಬನೇ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಅವನು ಬೋರ್ಡು ಜೋಡಿಸಿಡುತ್ತಿದ್ದ, ಸ್ವಲ್ಪ ಹೊತ್ತು ಕಾದು ಮತ್ತೆ ಎತ್ತಿಡುತ್ತಿದ್ದ. ನನಗೆ ಬೇಜಾರಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅಳುವೇ ಬರುತ್ತಿತ್ತು.

ಇಷ್ಟರಲ್ಲಿ ನಮ್ಮ ಬಚ್ಚಲುಮನೆಯ ಚಿಲಕ ಕೈಕೊಟ್ಟಿತು. ಪ್ರತಿ ವರ್ಷ ಅದನ್ನು ರಿಪೇರಿ ಮಾಡುತ್ತಿದ್ದವನು ಬಡಗಿ. ಈ ಸಲ ಆಕಳಿಸಿದವನನ್ನು ಕರೆಯುವುದುಂಟೆ? "ನಿಮ್ಮ ಬಾಗಿಲನ್ನು ನೀವೇ ಭದ್ರ ಮಾಡಿಕೊಳ್ಳಿ!" ಎಂದು ನಾಯಕರೇ ಹೇಳಿಲ್ಲವೇ? ಅವರು ಗಡಿಯ ಬಗ್ಗೆ ಹೇಳಿದ್ದು, ನಾನು ಬಚ್ಚಲಿಗೆ ಅನ್ವಯಿಸಿಕೊಂಡೆ. ಕೋಟೆಯ ಬಾಗಿಲಿಗೆ ಸಾಲುವಂಥ ಒಂದು ದಪ್ಪ ಕಬ್ಬಿಣದ ಚಿಲಕ ತಂದು ಶನಿವಾರ ನಾನೇ ಸ್ವತಃ ಎಂಟು ಸ್ಕ್ರೂ ಹೊಡೆದು ಕೂರಿಸಿದೆ.

ಮರುದಿನ ಭಾನುವಾರ, ನಾಯಕರ ಮೆರವಣಿಗೆ ನಮ್ಮ ಬೀದಿಯಲ್ಲೇ! ಹತ್ತು ಗಂಟೆಗೆ! ಬಿಳಿ ಅಂಗಿ ತೊಟ್ಟು ಗೇಟಿನ ಮುಂದೆ ನಿಲ್ಲಬೇಕು, ಜನ್ಮದಲ್ಲಿ ಒಮ್ಮೆಯಾದರೂ ಅವರು ನನ್ನನ್ನು ನೋಡಿ ಕೈ ಬೀಸಬೇಕು. ಇದೊಂದೇ ಆಸೆ. ಬಿಳಿ ಅಂಗಿಗಾಗಿ ಬೀರು ಕೆದಕಿದೆ, ಸಿಗಲಿಲ್ಲ. ಸ್ನಾನ ಮುಗಿಸಿ ಹುಡುಕಿದರಾಯಿತೆಂದು ಏಳು ಗಂಟೆಗೆ ಬಚ್ಚಲು ಹೊಕ್ಕು ಚಿಲಕ ಎಳೆದೆ. 'ಠಣ್' ಎಂದು ಭರ್ಜರಿಯಾಗಿ ಬಿತ್ತು. ಆಹಾ, ಏನು ಭದ್ರತೆ!

ಸ್ನಾನ ಮುಗಿಸಿ ತೆಗೆಯಲು ಹೋದೆ. ಬರಲಿಲ್ಲ. ಜಗ್ಗಿದೆ. ಇನ್ನೂ ಜೋರಾಗಿ ಜಗ್ಗಿದೆ. ಚಿಲಕದ ಹಿಡಿ ಕಿತ್ತು ಕೈಗೆ ಬಂತು! ಚಿಲಕ ಮಾತ್ರ ತೂತಿನೊಳಗೇ ಗಟ್ಟಿಯಾಗಿ ಕೂತಿತ್ತು.

"ಯಾರಾದ್ರೂ ಇದ್ದೀರಾ?" ಎಂದು ಕೂಗಿದೆ.

ಯಾರಿರುತ್ತಾರೆ? ಬೀದಿಯಲ್ಲಿ ಆಗಲೇ ಧ್ವನಿವರ್ಧಕಗಳು ನಾಯಕರ ಹಾಡು ಹಾಕಿದ್ದವು. ಬಕೆಟ್ ಬೋರಲು ಹಾಕಿ ಕೂತು, ನಾನು ಕಾಣಿಸದಿದ್ದರೆ ಹುಡುಕುವವರು ಯಾರ್ಯಾರು ಎಂದು ಲೆಕ್ಕ ಹಾಕಿದೆ. ಹಾಲಿನವನು? ಬಿಟ್ಟಾಯಿತು. ಟೀಚರಮ್ಮ? ಬಿಟ್ಟಾಯಿತು. ಬಡಗಿ? ಬಿಟ್ಟಾಯಿತು. ಅಂಗಡಿಯವರು? ನಾನು ಬರದಿದ್ದರೆ ಅವರಿಗೆ ಖುಷಿಯೇ. ಹೆಂಡತಿ? ಅವಳು ಗಿಳಿಯ ಜೊತೆ ಇದ್ದಾಳೆ. ನಾನು ಈ ಬಚ್ಚಲಲ್ಲಿ ಒಂದು ವಾರ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ! ಒದ್ದೆ ನೆಲ ನೋಡುತ್ತಾ ಕೂತವನಿಗೆ ಮೊದಲ ಸಲ ನಿಜವಾಗಿ ಭಯವಾಯಿತು.

ಆಗ ಮಲಗುವ ಕೋಣೆಯಲ್ಲಿ ಮೊಬೈಲು ಮೊಳಗಿತು.

"ಎದ್ದೇಳಿ! ಹೊರಗೆ ಬನ್ನಿ! ನಾನಿದ್ದೇನೆ!"

"ಹೇಗೆ ಬರಲಿ ಮಹಾಸ್ವಾಮಿ!" ಎಂದು ನಾನು ಬಾಗಿಲು ಗುದ್ದಿದೆ.

"ಎದ್ದೇಳಿ! ಹೊರಗೆ ಬನ್ನಿ! ನಾನಿದ್ದೇನೆ!"

ಮೂರು ಸಲ ಮೊಳಗಿ ಸುಮ್ಮನಾಯಿತು. ಮನೆ ಮೊದಲಿಗಿಂತ ಖಾಲಿ ಅನಿಸಿತು.

ಹತ್ತು ಗಂಟೆಗೆ ಸರಿಯಾಗಿ ಮೆರವಣಿಗೆ ಬಂತು. ಬಕೆಟ್ ಮೇಲೆ ಹತ್ತಿ ನಿಂತೆ. ಬಚ್ಚಲಿನ ಕಿಟಕಿ ಎಂದರೆ ಒಂದು ತಲೆ, ಒಂದು ಕೈ ಹಿಡಿಸುವಷ್ಟು. ಹಸಿರು ಟವೆಲನ್ನು ಹೊರಗೆ ಚಾಚಿ ಜೀವ ಹೋಗುವ ಹಾಗೆ ಬೀಸಿದೆ. ಕೆಳಗೆ ತೆರೆದ ವಾಹನದಲ್ಲಿ ಸಾಕ್ಷಾತ್ ನಾಯಕರು! ಹಾಡು ನಿಂತಿತು.

"ಕಾಪಾಡಿ!" ಎಂದು ಕಿರುಚಿದೆ. "ಕಾಪಾಡಿ! ಕಾಪಾಡಿ!"

ನಾಯಕರು ತಲೆಯೆತ್ತಿದರು. ನನ್ನನ್ನೇ ನೋಡಿದರು! ಎದೆಯ ಮೇಲೆ ಕೈಯಿಟ್ಟುಕೊಂಡು ಮೈಕಿನಲ್ಲಿ ಹೇಳಿದರು: "ಕಾಪಾಡುತ್ತೇನೆ! ಖಂಡಿತ ಕಾಪಾಡುತ್ತೇನೆ!"

ಜನ ಹುಚ್ಚೆದ್ದರು. "ಕಾಪಾಡಿ! ಕಾಪಾಡಿ!" ಎಂದು ಬೀದಿಗೆ ಬೀದಿಯೇ ಕೂಗಿತು. ನಾಯಕರು ನನ್ನತ್ತ ಕೈ ಬೀಸಿದರು. ಕ್ಯಾಮೆರಾಗಳು ಮಿಂಚಿದವು. ವಾಹನ ಮುಂದಕ್ಕೆ ಹೋಯಿತು.

"ಸ್ವಾಮಿ, ಈಗಲೇ! ಈಗಲೇ ಕಾಪಾಡಿ!" ಎಂದು ನಾನು ಕಿರುಚುತ್ತಲೇ ಇದ್ದೆ. ಮೆರವಣಿಗೆ ತಿರುವಿನಲ್ಲಿ ಮರೆಯಾಯಿತು. ಜನ್ಮದ ಆಸೆ ಈಡೇರಿತ್ತು. ನಾನು ಬಕೆಟ್ ಮೇಲೆ ಕುಸಿದು ಕೂತು ಅತ್ತೆ.

ಸ್ವಲ್ಪ ಹೊತ್ತಿಗೆ ಮುಂಬಾಗಿಲು ತೆರೆದ ಸದ್ದು. ಬಚ್ಚಲಿನ ಬಾಗಿಲ ಹೊರಗೆ ಹೆಜ್ಜೆ ನಿಂತಿತು.

"ಏನೋ, ಒಳಗೆ ಸಿಕ್ಕಿಹಾಕ್ಕೊಂಡ್ಯಾ?"

ಬಡಗಿ! ಬಾಯಿ ತೆರೆದೆ. ಪ್ರತಿಜ್ಞೆ ನೆನಪಾಯಿತು. ಮುಚ್ಚಿದೆ.

"ಓಹೋ, ವ್ರತ ಇನ್ನೂ ಮುಗಿದಿಲ್ವಾ? ಸರಿ ಹಾಗಾದ್ರೆ, ನಾನು ಬರ್ತೀನಿ."

ಹೆಜ್ಜೆಗಳು ದೂರವಾಗತೊಡಗಿದವು. ಒಂದು. ಎರಡು. ಮೂರು.

"ನಿಂತ್ಕೋ ಕಣೋ!" ಎಂದೆ. ನಾಲ್ಕು ತಿಂಗಳು ಅವನ ಜೊತೆ ಆಡದೆ ಉಳಿಸಿಟ್ಟಿದ್ದ ದನಿ ಒಡೆದುಹೋಯಿತು. "ಹೋಗ್ಬೇಡ್ವೋ. ದಮ್ಮಯ್ಯ ಅಂತೀನಿ, ಹೋಗ್ಬೇಡ."

"ಎಲ್ಲಿಗೆ ಹೋಗ್ಲಿ, ಉಳಿ ತರೋಕೆ ಹೊರಟೆ," ಎಂದ ಅವನು.

ಹತ್ತು ನಿಮಿಷದಲ್ಲಿ ಬಾಗಿಲು ತೆರೆಯಿತು. ಹಸಿರು ಟವೆಲ್ ಸುತ್ತಿಕೊಂಡು, ಕೈಯಲ್ಲಿ ಚಿಲಕದ ಹಿಡಿ ಹಿಡಿದು ನಾನು ಹೊರಬಂದೆ.

"ತಲೆಕೆಳಗಾಗಿ ಕೂರಿಸಿದ್ದೀಯಲ್ಲೋ ಚಿಲಕಾನ!"

"ಮನೆಯೊಳಗೆ ಹೇಗೆ ಬಂದೆ?"

"ತಂಗಿ ಹೋಗೋವಾಗ ಇನ್ನೊಂದು ಕೀಲಿ ನನ್ನ ಕೈಗೆ ಕೊಟ್ಟು ಹೋಗಿದ್ಳು. 'ಅಣ್ಣಾ, ಇವರು ಏನಾದ್ರೂ ಮಾಡ್ಕೊಂಡೇ ಮಾಡ್ಕೋತಾರೆ, ಒಂದು ಕಣ್ಣಿಟ್ಟಿರಿ' ಅಂದ್ಳು."

"ನಾನು ಕೂಗಿದ್ದು ಕೇಳಿಸ್ತಾ?"

"ಕೂಗು ಊರೆಲ್ಲ ಕೂಗ್ತಿತ್ತಲ್ಲ. ನಾನು ಕೈ ನೋಡಿದೆ. ಜೈ ಅನ್ನೋರ ಕೈ ಮೇಲಕ್ಕೆ ಹೋಗುತ್ತೆ. ನಿನ್ನ ಕೈ 'ಬಾ, ಬಾ' ಅಂತಿತ್ತು."

ನಾನು ತಲೆ ತಗ್ಗಿಸಿದೆ. ಆದರೂ ಹಾಳು ಬಾಯಿ ಕೇಳಿಯೇಬಿಟ್ಟಿತು: "ಮತ್ತೆ ಆವತ್ತು ನಾಯಕರು ಅಳ್ತಿದ್ರೆ ನೀನು ಆಕಳಿಸಿದ್ಯಲ್ಲ?"

"ಎರಡು ರಾತ್ರಿ ನಿದ್ದೆ ಇಲ್ದೆ ಅವರ ಸಭೆಯ ವೇದಿಕೆ ಕಟ್ಟಿದೋನು ನಾನು! ಆಕಳಿಸದೆ ಇನ್ನೇನು ಹಾಡು ಹೇಳ್ಲಾ?"

"ಅಯ್ಯೋ, ಅವತ್ತೇ ಹೇಳಬಾರದಿತ್ತೇನೋ?"

"ಕೇಳೋಕೆ ನೀನು ನಿಂತಿದ್ರೆ ತಾನೆ?"

ಆ ಸಂಜೆ ಬಡಗಿ ಮರದ ಹೊಟ್ಟು ಸರಿಸಿ ಬೋರ್ಡು ಬಿಚ್ಚಿದ. ಕಾಯಿಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡು, ಅವತ್ತಿನ ಆಟ ಎಲ್ಲಿ ನಿಂತಿತ್ತೋ ಅಲ್ಲಿಗೇ ಜೋಡಿಸಿದ. "ನಿನ್ನ ನಡೆ," ಎಂದ. ನಾನು ಸೋತೆ. ಸೋತು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಮರುದಿನದ ಪತ್ರಿಕೆಯ ಮುಖಪುಟದಲ್ಲಿ ನಾನು! ಬಚ್ಚಲ ಕಿಟಕಿಯಲ್ಲಿ ನನ್ನ ಒದ್ದೆ ತಲೆ, ಹಸಿರು ಟವೆಲ್, ಕೆಳಗೆ ಕೈ ಬೀಸುವ ನಾಯಕರು. 'ಅಭಿಮಾನದ ಪರಾಕಾಷ್ಠೆ: ಸ್ನಾನ ಅರ್ಧಕ್ಕೇ ಬಿಟ್ಟು ನಾಯಕರಿಗೆ ಜೈಕಾರ.' ಬೆಳಿಗ್ಗೆಯಿಂದ ಮೊಬೈಲು ಒಂದೇ ಸಮನೆ ಮೊಳಗಿತು. ಗುರುತಿಲ್ಲದವರೆಲ್ಲ ಅಭಿನಂದಿಸಿದರು. "ನೀವು ಪುಣ್ಯವಂತರು," ಎಂದರು. "ನಿಮ್ಮ ಕಣ್ಣಲ್ಲಿ ಆನಂದಬಾಷ್ಪ ನೋಡಿದ್ವಿ," ಎಂದರು. ಯಾರೊಬ್ಬರೂ ಬೇರೇನೂ ಕೇಳಲಿಲ್ಲ.

ಹತ್ತು ಗಂಟೆಗೆ ಹೆಂಡತಿಯ ಫೋನು.

"ಫೋಟೋ ನೋಡಿದೆ. ಎಷ್ಟು ಹೊತ್ತು ಸಿಕ್ಕಿಹಾಕ್ಕೊಂಡಿದ್ರಿ?"

ನನಗೆ ಮಾತೇ ಹೊರಡಲಿಲ್ಲ. ಈ ಸಲ ಅದಕ್ಕೆ ಪ್ರತಿಜ್ಞೆ ಕಾರಣವಲ್ಲ.

"ಮೂರು ಗಂಟೆ," ಎಂದೆ ಕೊನೆಗೆ. ಆಮೇಲೆ, "ನಾಲ್ಕು ತಿಂಗಳು," ಎಂದೆ.

ಆ ಕಡೆ ಗಿಳಿ ಏನೋ ಬಡಬಡಿಸುತ್ತಿತ್ತು.

"ನಿನ್ನೆ ಮೂರು ಸಲ ಫೋನ್ ಮಾಡಿದ್ದೆ. ಮೆರವಣಿಗೆಗೆ ಬಿಳಿ ಅಂಗಿ ಹುಡುಕ್ತಾ ಇರ್ತೀರಿ, ಇಸ್ತ್ರಿ ಮಾಡಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಿದ್ದೀನಿ ಅಂತ ಹೇಳೋಕೆ. ನೀವು ಎತ್ತಲಿಲ್ಲ."

"ಬಚ್ಚಲಲ್ಲಿದ್ದೆ ಕಣೇ."

"ಬಾಗಿಲು ಯಾರು ತೆಗೆದ್ರು? ನಿಮ್ಮ ನಾಯಕರಾ?"

"ಬಡಗಿ."

"ಅವರ ಜೊತೆ ಮಾತಾಡಿದ್ರಾ?"

"ಆಡಿದೆ. ನೀನು ಬಾ ಕಣೇ. ಓಟು ಯಾರಿಗೆ ಅಂತ ಇನ್ಯಾವತ್ತೂ ಕೇಳಲ್ಲ."

"ಕೇಳಿದ್ರೂ ಹೇಳಲ್ಲ," ಎಂದಳು. "ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಬರ್ತೀನಿ. ಆದ್ರೆ ಒಂದು ಪ್ರತಿಜ್ಞೆ ಮಾಡಿ."

"ಏನು ಬೇಕಾದ್ರೂ ಮಾಡ್ತೀನಿ, ಹೇಳು!" ಎಂದು ಬಲಗೈ ಮೇಲೆತ್ತಿದೆ.

"ನಾನು ಬರೋವರೆಗೂ ಸ್ನಾನ ಮಾಡ್ಬೇಡಿ."