ತೊಡೆಯ ಮೇಲಿಟ್ಟ ಕೈ

ಪ್ರೊಫೆಸರ ಹೆಂಡತಿಯ ಬಲಭುಜ ಹಿಡಿದುಕೊಂಡಿತ್ತು. ಮೂರು ವಾರ ಕೈ ಮೇಲೆತ್ತಬಾರದು, ಎತ್ತಿದರೆ ಕೀಲು ಪೂರ್ತಿ ಬಿಗಿದುಕೊಂಡು, ತಲೆ ಬಾಚಿಸಿಕೊಳ್ಳುವುದಕ್ಕೂ ಇನ್ನೊಬ್ಬರ ಮುಂದೆ ಕೂರಬೇಕಾದೀತು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಪ್ರೊಫೆಸರು ಒಪ್ಪಲಿಲ್ಲ. ವಸ್ತುವೊಂದಕ್ಕೆ ಕೈಚಾಚುವಾಗ ಮನುಷ್ಯನ ಭುಜ, ಮೊಣಕೈ, ಮಣಿಕಟ್ಟು ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಇಪ್ಪತ್ತೆರಡು ವರ್ಷ ಅಳೆದವರು ಅವರು. ಅಂಥವರ ಮನೆಯಲ್ಲೇ ಭುಜ ಕೆಡುವುದೆಂದರೆ!

"ನಿನಗೆ ಬೇಕಾದ್ದು ವಿಶ್ರಾಂತಿಯಲ್ಲ ಕಣೇ, ಸರಿಯಾದ ಭಂಗಿ," ಎಂದು ಘೋಷಿಸಿದರು. ಒಂದು ಭಾನುವಾರದ ಬೆಳಿಗ್ಗೆ ಕೊಟ್ಟರೆ ಅಡುಗೆಮನೆಯನ್ನೇ ವಿಜ್ಞಾನದ ಹತೋಟಿಗೆ ತರುವುದಾಗಿಯೂ ಮಾತು ಕೊಟ್ಟರು.

ಭಾನುವಾರ ಪ್ರಯೋಗಾಲಯದ ಕ್ಯಾಮೆರಾ, ಕಂಪ್ಯೂಟರು ಮನೆಗೆ ಬಂದವು. ಚಲನೆಯನ್ನು ಕ್ಯಾಮೆರಾ ಹಿಡಿಯಲೆಂದು ಹೆಂಡತಿಯ ತೋಳಿನ ಮೇಲೆ ಮೂರು ಕಡೆ ಹೊಳೆಯುವ ಗುಂಡಿಗಳು ಅಂಟಿದವು. ಕೈ ಕೊನೆಗೆ ಯಾವ ಭಂಗಿಯಲ್ಲಿ ನಿಲ್ಲುತ್ತದೆ ಎಂಬುದು ಅದು ಎಲ್ಲಿಂದ ಹೊರಟಿತು ಎಂಬುದನ್ನು ಅವಲಂಬಿಸಿದೆ ಎಂದು ಪ್ರೊಫೆಸರು ಪಾಠ ಹೇಳಿದರು. ಎಡಗೈಯಲ್ಲಿ ಒಲೆ ಮೇಲಿನ ಹಾಲು ಕಲಕುತ್ತ, ಮೊಣಕಾಲಿನಿಂದ ಡ್ರಾಯರು ಮುಚ್ಚುತ್ತ ಆಕೆ ಕೇಳಿಸಿಕೊಂಡಳು.

"ನನ್ನ ಕೈ ಎಲ್ಲಿಂದ ಹೊರಡಬೇಕು?"

"ವಿಶ್ರಾಂತ ಸ್ಥಿತಿಯಿಂದ. ತೊಡೆ ಮೇಲೆ ಇಟ್ಕೊಂಡು ಕೂತಿರು. ಗಂಟೆ ಹೊಡೆದಾಗ ಸಕ್ಕರೆ ಡಬ್ಬ ತಗೋ. ನಲವತ್ತು ಸಲ."

"ನಲವತ್ತು ಸಲವೂ ವಿಶ್ರಾಂತಿಯಿಂದಾನೇ?"

"ಮಧ್ಯೆ ಅಲ್ಲಾಡಿದರೆ ಅಳತೆ ಕೆಡುತ್ತೆ. ಒಲೆ ನಾನು ನೋಡ್ಕೋತೀನಿ."

ಆಕೆ ಒಂದು ಗಳಿಗೆ ಗಂಡನ ಮುಖ ನೋಡಿ, ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಕೈಯಿಟ್ಟಳು.

ಗಂಟೆ ಹೊಡೆಯಿತು. ಪರದೆಯ ಮೇಲೆ ಕೈಯ ಚಲನೆ ತೋರಿಸುವ ಗೆರೆ ಕದಲಲಿಲ್ಲ. ಪ್ರೊಫೆಸರು ವೈರುಗಳನ್ನು ಬಿಗಿಮಾಡಿದರು. ಮತ್ತೆ ಗಂಟೆ. ಗೆರೆ ಕದಲಲಿಲ್ಲ. ಕಂಪ್ಯೂಟರನ್ನು ಆರಿಸಿ ಹೊತ್ತಿಸಿ, ಮಂಡಿಯೂರಿ ಗುಂಡಿಗಳನ್ನು ಪರೀಕ್ಷಿಸುವಾಗ ಸಣ್ಣಗೆ ಗೊರಕೆ ಕೇಳಿಸಿತು.

ಅಷ್ಟರಲ್ಲಿ ಹಾಲು ಉಕ್ಕಿತು. ಒಲೆಯತ್ತ ಪ್ರೊಫೆಸರ ಒಂದು ಕೈ, ಮೇಲಿನ ಮೊಳೆಯಲ್ಲಿದ್ದ ಬಟ್ಟೆಯತ್ತ ಇನ್ನೊಂದು ಕೈ. ಬಚ್ಚಲಿನಿಂದ ಅವರ ಅಮ್ಮ ಟವೆಲ್ಲಿಗೆ ಕೂಗಿದರು. ಬಾಗಿಲಲ್ಲಿ ನಿಂತ ಮಗಳು ಕಾಲುಚೀಲ ಕೇಳಿದಳು. ಫ್ರಿಜ್ಜಿನ ಬಾಗಿಲನ್ನು ಪಾದದಿಂದ ತಡೆದು, ಬಟ್ಟೆಯನ್ನು ಗದ್ದದಡಿ ಸಿಕ್ಕಿಸಿಕೊಂಡು ಪ್ರೊಫೆಸರು ಹಿಂದಿದ್ದ ಟವೆಲ್ಲಿಗೆ ಬಲಗೈ ಚಾಚಿದರು. ಇಪ್ಪತ್ತೆರಡು ವರ್ಷದ ಯಾವ ನಕ್ಷೆಯಲ್ಲೂ ಇಲ್ಲದ ಭಂಗಿ ಅದು. ಭುಜ ಕಟಕ್ ಎಂದಿತು. ಕೈ ತಗುಲಿ ಸಕ್ಕರೆ ಡಬ್ಬ ನೆಲ ಸೇರಿತು.

ಒಂದೂಮುಕ್ಕಾಲು ಗಂಟೆ ಕಳೆದ ಮೇಲೆ ಹೆಂಡತಿ ಕಣ್ಣು ಬಿಟ್ಟಳು. ಗಂಡ ನೆಲದ ಮೇಲೆ ಕೂತು ಎಡಗೈಯಲ್ಲಿ ಇನ್ನೂ ಸಕ್ಕರೆ ಗುಡಿಸುತ್ತಿದ್ದರು, ಬಲಗೈ ಮೇಲೇಳುತ್ತಿರಲಿಲ್ಲ. ಪರದೆಯ ತುಂಬ ಅಡಿಕೋಲು ಹಿಡಿದು ಎಳೆದಂಥ ಒಂದೇ ನೇರ ಗೆರೆ.

"ಏನು ಗೊತ್ತಾಯ್ತು?"

"ನಿನ್ನ ಕೈ ಹೊರಡಲೇ ಇಲ್ಲ," ಎಂದರು ಪ್ರೊಫೆಸರು, ತಲೆಯೆತ್ತದೆ.

ಆಕೆ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ತನ್ನ ಕೈ ಅಷ್ಟು ಹೊತ್ತು ಒಂದೇ ಕಡೆ ಇದ್ದುದಕ್ಕೆ ಅದೊಂದೇ ದಾಖಲೆ.

"ಒಂದೇ ಸಲದ ಅಳತೆ ನಂಬಬಾರದು ಅಂತ ನೀವೇ ಹೇಳ್ತಿರ್ತೀರಲ್ಲ," ಎಂದು ಕೈಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. "ಪೂರ್ತಿ ಮೂರು ವಾರ ಅಳೀರಿ."