ತಡವಾಗಿ ಬೀಳುವ ಎಡಗಾಲು

ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಬಸ್ತಿಹಳ್ಳಿಯ ಬ್ರಹ್ಮದೇವಯ್ಯನವರು. ಅವರು ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ, ಸುಳ್ಳನ್ನು ಯಾವ ಹೊತ್ತಿನಲ್ಲೂ ಆಡುವವರಲ್ಲ. ಅಲ್ಲದೆ ಇದರಲ್ಲಿ ಅವರ ಹೆಂಡತಿ, ಹಳೇಬೀಡಿನ ಮಕ್ಕಳಿಗೆಲ್ಲ ಭರತನಾಟ್ಯ ಹೇಳಿಕೊಡುವ ಧರ್ಮಾವತಿಯಮ್ಮನವರೂ ಬರುವುದರಿಂದ, ಏನಾದರೂ ಹೆಚ್ಚುಕಮ್ಮಿ ಹೇಳಿದರೆ ತಿದ್ದುವವರು ಪಕ್ಕದಲ್ಲೇ ಕೂತಿದ್ದರು. ಅವರು ತಿದ್ದಲಿಲ್ಲ.

ತುಂಬೆಕೊಪ್ಪಲು ಹಾಲಿನ ಸಂಘದ ವ್ಯಾಪ್ತಿಯಲ್ಲಿ ಸದಸ್ಯರು ಬೆಳಗ್ಗೆ ಮತ್ತು ಸಂಜೆ ಹಾಲು ಕರೆಯುವ ಮೊದಲು ಕಾಲಿಗೆ ಗೆಜ್ಜೆ ಕಟ್ಟಿ ನಾಟ್ಯಾಭ್ಯಾಸ ಮಾಡತಕ್ಕದ್ದು ಎಂಬ ನಿಯಮ ಈಗ ಜಾರಿಯಲ್ಲಿದೆ. ಹಗರೆಯಲ್ಲಿ ಬಸ್ಸಿಳಿದು ಒಳದಾರಿಯಲ್ಲಿ ನಡೆದರೆ ಈ ಊರು ಸಿಗುತ್ತದೆ. ಹೊಸದಾಗಿ ಬಂದ ನೆಂಟರು ಸಾಲು ಕೊಟ್ಟಿಗೆಗಳಿಂದ ಬರುವ ಗೆಜ್ಜೆ ಸದ್ದಿಗೆ ಸ್ವಲ್ಪ ಹೊತ್ತು ನಿಂತುಬಿಡುತ್ತಾರೆ. ಊರಿನವರಿಗೆ ಅದು ಕೋಳಿ ಕೂಗಿದ ಹಾಗೆ. ಆ ನಿಯಮ ಹೇಗೆ ಬಂತು ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ.

ಆ ಊರಿನ ಮುದ್ದಮ್ಮನ ಮಗಳು ನಂದಿತಾ ಧರ್ಮಾವತಿಯಮ್ಮನವರ ಹತ್ತಿರ ಚಿಕ್ಕಂದಿನಿಂದ ನಾಟ್ಯ ಕಲಿಯುತ್ತಿದ್ದಳು. ಹುಡುಗಿಗೆ ಶ್ರದ್ಧೆಯಿತ್ತು, ಮುಖದಲ್ಲಿ ಕಳೆಯಿತ್ತು, ಕೈ ಸರಿಯಾದ ಕಡೆಗೆ ಹೋಗುತ್ತಿತ್ತು. ಎಡಗಾಲು ಮಾತ್ರ ಬೀಳಬೇಕಾದ ಹೊತ್ತಿಗೆ ಬೀಳದೆ, ಯಾರೋ ಕರೆದದ್ದಕ್ಕೆ ಎದ್ದು ಬಂದಂತೆ, ಆಮೇಲೆ ಬೀಳುತ್ತಿತ್ತು. ಹೋದ ವರ್ಷದ ಪರೀಕ್ಷೆಯಲ್ಲಿ ಅವಳು ಫೇಲಾದದ್ದು ಈ ಒಂದೇ ಕಾರಣಕ್ಕೆ. ಈ ಸಲ ಪಾಸಾದರೆ ಚಿಕ್ಕ ಮಕ್ಕಳ ತರಗತಿಯನ್ನು ಅವಳಿಗೇ ಬಿಟ್ಟುಕೊಡುತ್ತೇನೆ ಎಂದು ಧರ್ಮಾವತಿಯಮ್ಮನವರು ಮಾತು ಕೊಟ್ಟಿದ್ದರು. ಅವಳಿಗೆ ಬೇರೆ ಆಸೆಯೇ ಇರಲಿಲ್ಲ. ಮುದ್ದಮ್ಮ ಕನ್ನಡಿ ಮುಂದೆ ಕುಂಕುಮ ಇಟ್ಟುಕೊಳ್ಳುವಾಗ ನಂದಿತಾ ಹಿಂದಿನಿಂದ ಬಂದು, ಕನ್ನಡಿಯೊಳಗೆ ನೋಡುತ್ತ, ಇಲ್ಲದ ಮಕ್ಕಳಿಗೆ ಬೆನ್ನು ನೇರ ಮಾಡಿ ಎಂದು ಹೇಳುತ್ತಿದ್ದಳಂತೆ.

ತಪ್ಪು ತಿದ್ದಲು ಧರ್ಮಾವತಿಯಮ್ಮನವರು ಹೇಳಿದ ಅಭ್ಯಾಸ ಇಷ್ಟೆ. ಗೋಡೆಗೆ ಬೆನ್ನು ಕೊಟ್ಟು ಅರೆಮಂಡಿಯಲ್ಲಿ ಕೂರಬೇಕು. "ತೈಯಾ ತೈ" ಎಂದು ಬಾಯಲ್ಲಿ ಗಟ್ಟಿಯಾಗಿ ಹೇಳುತ್ತ, ಮೊದಲು ಬಹಳ ನಿಧಾನಕ್ಕೆ, ಆಮೇಲೆ ಅದರ ಎರಡರಷ್ಟು ವೇಗದಲ್ಲಿ ಹೆಜ್ಜೆ ತಟ್ಟಬೇಕು. ತಪ್ಪಿದರೆ ಮೊದಲಿಗೆ ಹೋಗಬಾರದು, ತಪ್ಪಿದ ಜಾಗಕ್ಕೇ ಹೋಗಬೇಕು. ನಂದಿತಾ ಒಪ್ಪಿದಳು. ಆದರೆ ಅವರ ಮನೆಯಲ್ಲಿ ಕಾಲು ತಟ್ಟುವಂಥ ಸಮ ನೆಲ ಇದ್ದದ್ದು ಕೊಟ್ಟಿಗೆಯಲ್ಲಿ ಮಾತ್ರ. ಸರ್ಕಾರದವರು ಸಿಮೆಂಟಿಗೆ ನೆರವು ಕೊಟ್ಟದ್ದು ಹಸುವಿಗೆ. ಮನುಷ್ಯರು ಅದರಲ್ಲಿ ಬರುತ್ತಿರಲಿಲ್ಲ.

ಕೊಟ್ಟಿಗೆಯಲ್ಲಿ ಅರಸೀಕೆರೆ ಸಂತೆಯಲ್ಲಿ ಕೊಂಡ ಚಂದ್ರಿ ಎಂಬ ಹಸು ಇತ್ತು. ಅದು ಒದೆಯುವುದಕ್ಕೆ ಹೆಸರಾದದ್ದು. ಕೆಚ್ಚಲು ತುಂಬಿದ್ದರೂ ಸೊರ ಬಿಡದೆ ಹಾಲನ್ನು ಒಳಗೇ ಹಿಡಿದುಕೊಂಡು ನಿಲ್ಲುವುದು. ನಂದಿತಾ ಅಭ್ಯಾಸ ಶುರುಮಾಡಿದ ಮೇಲೆ ಒಂದು ಬದಲಾವಣೆ ಕಂಡಿತು. ಎಡಗಾಲು ಬೀಳುವ ಹೊತ್ತಿಗೆ ಬೀಳದೆ ಹೋದರೆ ಚಂದ್ರಿ ಮೇವು ಬಿಟ್ಟು, ಕತ್ತು ತಿರುಗಿಸಿ ನೋಡುತ್ತಿತ್ತು. ಕಾಲು ಬಿದ್ದ ಮೇಲೆ, ಸದ್ಯ ಬಿತ್ತಲ್ಲ ಎನ್ನುವಂತೆ ಉಸಿರು ಬಿಟ್ಟು, ಜೊತೆಗೆ ಹಾಲನ್ನೂ ಬಿಡುತ್ತಿತ್ತು. ಮುದ್ದಮ್ಮ ಇದನ್ನು ದೇವರ ದಯೆ ಎಂದುಕೊಂಡು ಹೆಚ್ಚಾದ ಹಾಲನ್ನು ಡೈರಿಗೆ ಹಾಕಿದಳು.

ಸಂಘದ ಕಾರ್ಯದರ್ಶಿ ಶಶಿಧರ್ ಅವರು ಹಾಲು ಹೆಚ್ಚಾದರೆ ಮೊದಲು ನೀರನ್ನು ಅನುಮಾನಿಸುವ ಪದ್ಧತಿಯವರು. ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ಡಿಗ್ರಿ ನೋಡಿದರು, ಸರಿಯಾಗಿತ್ತು. ಇನ್ನೊಂದು ಸಲ ನೋಡಿದರು, ಆಗಲೂ ಸರಿಯಾಗಿತ್ತು. ಇದರಿಂದ ಅನುಮಾನ ಹೆಚ್ಚಾಗಿ ಕೊಟ್ಟಿಗೆಗೇ ಬಂದರು. ಬಂದು, ನೋಡಿ, ಮೇಲಿನ ಕಚೇರಿಗೆ ಬರೆದರು. ಅಲ್ಲಿಂದ ವಿಸ್ತರಣಾಧಿಕಾರಿ ಇಂದ್ರೇಶ್ ಅವರು ಜೀಪಿನಲ್ಲಿ ಬಂದು ಪರೀಕ್ಷೆ ನಡೆಸಿದರು. ನಂದಿತಾ ಬಹಳ ನಿಧಾನಕ್ಕೆ, ಎಚ್ಚರದಿಂದ, ಹೇಗೋ ಒಂದು ಸಲ ಸರಿಯಾಗಿ ಹೆಜ್ಜೆ ಹಾಕಿದಳು. ಚಂದ್ರಿ ಬಕೆಟ್ಟನ್ನು ಒದೆಯಿತು. ಎಂದಿನಂತೆ ಹಾಕಿದಳು, ಹಾಲು ಬಂತು. ಹಾಲಿಗೆ ಕಾರಣ ನಾಟ್ಯವಲ್ಲ, ನಾಟ್ಯದೊಳಗಿನ ತಪ್ಪು ಎಂದು ಸ್ಥಳದಲ್ಲೇ ಮಹಜರು ಬರೆದು, ಊರಿನ ಹಿರಿಯ ಸದಸ್ಯ ಮರಿಯಣ್ಣನಿಂದ ಸಾಕ್ಷಿ ಹಾಕಿಸಿಕೊಳ್ಳಲಾಯಿತು. ಆತ ಸಾಕ್ಷಿ ಹಾಕುವುದಕ್ಕೂ ಕುಂಟುತ್ತಲೇ ಬಂದ. ಅವನ ಎಡ ಮಂಡಿ ಬಹಳ ದಿನದಿಂದ ಸರಿಯಿರಲಿಲ್ಲ.

ಇನ್ನು ಮುಂದೆ ಈ ತಪ್ಪನ್ನು ತಿದ್ದಿಕೊಳ್ಳಕೂಡದು ಎಂದು ಇಂದ್ರೇಶ್ ಅವರು ನಂದಿತಾಳಿಗೆ ತಿಳಿಸಿದರು.

"ಸರ್, ನಾನು ಫೇಲಾಗಿದ್ದೇ ಈ ತಪ್ಪಿಂದ," ಅಂದಳು ನಂದಿತಾ.

"ಅದು ಒಳ್ಳೇದೇ ಆಯ್ತಲ್ಲಮ್ಮ. ತಪ್ಪು ನಿನ್ನದೇ ಅನ್ನೋದಕ್ಕೆ ಸರಿಯಾದ ದಾಖಲೆ ಇದೆ. ಇಲ್ಲದಿದ್ರೆ ಪಕ್ಕದೂರಿನವರು ನಮ್ದು ಅಂತ ಬಂದುಬಿಡೋರು."

ಆ ಸಂಜೆ ಡೈರಿಯ ಧ್ವನಿವರ್ಧಕದಲ್ಲಿ ಪ್ರಕಟಣೆಯಾಯಿತು. ಸಂಘದ ಸಮಸ್ತ ಸದಸ್ಯರೂ ತಂತಮ್ಮ ಕೊಟ್ಟಿಗೆಗಳಲ್ಲಿ ನಂದಿತಾಳ ತಪ್ಪನ್ನು ಅಭ್ಯಾಸ ಮಾಡತಕ್ಕದ್ದು. ಎಡಗಾಲು ತಡವಾಗಬೇಕು, ಆದರೆ ತಡಕ್ಕೂ ಒಂದು ಮಿತಿ ಇರಬೇಕು. ಹಸು ಕತ್ತು ತಿರುಗಿಸಿ ನೋಡುವಷ್ಟು ತಡ ಸಾಕು, ಮತ್ತೆ ಮೇವಿಗೆ ಬಾಯಿ ಹಾಕುವಷ್ಟು ಆಗಬಾರದು. ಸ್ವಂತ ಬುದ್ಧಿಯಿಂದ ಹೆಜ್ಜೆ ತಿದ್ದಿಕೊಂಡವರನ್ನು ಕಲಬೆರಕೆ ಮಾಡಿದವರೆಂದು ಭಾವಿಸಲಾಗುವುದು. ಗೆಜ್ಜೆಯನ್ನು ಸಂಘದಲ್ಲೇ ಕೊಳ್ಳಬೇಕು. ಸಂಘಕ್ಕೆ ಗೆಜ್ಜೆ ಬರುತ್ತಿದ್ದದ್ದು ಶಶಿಧರ್ ಅವರ ಭಾಮೈದನ ಅಂಗಡಿಯಿಂದ. ಅಲ್ಲಿ ಎತ್ತಿನ ಗೆಜ್ಜೆ ಮಾತ್ರ ಇದ್ದುದರಿಂದ ಅದನ್ನೇ ವಿತರಿಸಲಾಯಿತು.

ಊರಿನವರು ತಕರಾರು ಮಾಡಲಿಲ್ಲ. ಕೆಲವು ಹಸುಗಳು ಸೊರ ಬಿಟ್ಟವು, ಕೆಲವು ಒದ್ದವು. ಒದ್ದ ಹಸುಗಳನ್ನು ಕಾರ್ಯಕ್ರಮದಲ್ಲಿ ಸಕ್ರಿಯವಾಗಿ ಭಾಗವಹಿಸಿದವು ಎಂದು ವರದಿಯಲ್ಲಿ ತೋರಿಸಲಾಯಿತು. ಕಷ್ಟವಾದದ್ದು ಗಂಡಸರಿಗೆ. ಬೇಕೆಂದೇ ತಪ್ಪುವುದು ಅಷ್ಟು ಸುಲಭವಲ್ಲ. ಎಷ್ಟು ಪ್ರಯತ್ನಪಟ್ಟರೂ ಕೆಲವರ ಕಾಲು ಸರಿಯಾದ ಹೊತ್ತಿಗೇ ಬಿದ್ದುಬಿಡುತ್ತಿತ್ತು. ಅಂಥವರನ್ನು ಡೈರಿಯ ಮುಂದೆ ನಿಲ್ಲಿಸಿ ಪುನಃ ಅಭ್ಯಾಸ ಮಾಡಿಸುತ್ತಿದ್ದರು. ಮರಿಯಣ್ಣನಿಗೆ ಮಾತ್ರ ಯಾವ ಅಭ್ಯಾಸವೂ ಬೇಕಾಗಲಿಲ್ಲ. ಬಲಗಾಲು ಊರಿ, ಎಡ ಮಂಡಿಯನ್ನು ಎತ್ತಿ, ಅದರ ನೋವನ್ನು ಒಂದು ಗಳಿಗೆ ಅನುಭವಿಸಿ ಆಮೇಲೆ ಇಳಿಸುತ್ತಿದ್ದ. ಒಂದು ದಿನ ಮುದ್ದಮ್ಮನ ಕೊಟ್ಟಿಗೆಯಲ್ಲೂ ಹಾಕಿದಾಗ ಚಂದ್ರಿ ಅವನನ್ನು ನೋಡಿ ನಂದಿತಾಳನ್ನೇ ಮರೆಯಿತು.

ಇದು ಹುಡುಗಿಗೆ ಅನುಕೂಲವೇ ಆಯಿತು. ಕೊಟ್ಟಿಗೆಯನ್ನು ಮರಿಯಣ್ಣನಿಗೆ ಒಪ್ಪಿಸಿ, ಅವಳು ದಿನವೂ ಹಳೇಬೀಡಿಗೆ ಹೋಗಿ ಧರ್ಮಾವತಿಯಮ್ಮನವರ ಪಡಸಾಲೆಯಲ್ಲಿ ಅಭ್ಯಾಸ ಮಾಡಿದಳು. ಗೋಡೆಗೆ ಬೆನ್ನು ಕೊಟ್ಟಳು, ತಪ್ಪಿದ ಜಾಗಕ್ಕೆ ಹೋದಳು, ಮತ್ತೆ ಹೋದಳು. ಬಸ್ಸಿಗೆ ಕಾಯುವಾಗಲೂ ಚಪ್ಪಲಿಯೊಳಗೆ ಬೆರಳು ಲೆಕ್ಕ ಹಾಕುತ್ತಿದ್ದವಂತೆ. ಒಂದು ಮಧ್ಯಾಹ್ನ ಎಡಗಾಲು ಹೊತ್ತಿಗೆ ಸರಿಯಾಗಿ ಬಿತ್ತು. ಮತ್ತೆ ಹಾಕಿಸಿದರೆ ಮತ್ತೆ ಬಿತ್ತು. ಧರ್ಮಾವತಿಯಮ್ಮನವರು ತಾಳ ಹಾಕುವ ಕೋಲನ್ನು ಕೆಳಗಿಟ್ಟು ಒಳಗೆ ಹೋಗಿ ಬೆಲ್ಲ ತಂದು ಕೊಟ್ಟರು.

ಅದೇ ಹೊತ್ತಿನಲ್ಲಿ ಇಂದ್ರೇಶ್ ಅವರು ಅಧ್ಯಯನ ಪ್ರವಾಸದಲ್ಲಿದ್ದರು. ಪ್ರವಾಸ ಬೇಲೂರಿಗೆ. ಬೇಲೂರು ಹಗರೆಗೆ ತೀರ ಹತ್ತಿರವಾದ್ದರಿಂದ, ಭತ್ಯೆಗೆ ಸಾಕಾಗುವಷ್ಟು ದೂರ ಮಾಡಿಕೊಳ್ಳಲು ಅರಸೀಕೆರೆಯ ಮೇಲೆ ಸುತ್ತಿಕೊಂಡು ಹೋದರು. ದೇವಸ್ಥಾನದ ಗೋಡೆಗಳ ಮೇಲಿನ ನರ್ತಕಿಯರನ್ನು ಸಾವಧಾನವಾಗಿ ಪರಿಶೀಲಿಸಿ ಅವರು ಕೊಟ್ಟ ವರದಿಯ ಸಾರಾಂಶ ಹೀಗಿದೆ: ಕಾಲೆತ್ತಿದ ಶಿಲ್ಪಗಳಲ್ಲಿ ಒಬ್ಬರ ಕಾಲೂ ಈವರೆಗೆ ನೆಲಕ್ಕೆ ಬಿದ್ದಿರುವುದಿಲ್ಲ. ಹೊಯ್ಸಳರ ಕಾಲದಿಂದಲೂ ತಡವಾಗಿಯೇ ಇದೆ. ಆದಕಾರಣ ತಡವೇ ಶಾಸ್ತ್ರ. ಹೊತ್ತಿಗೆ ಸರಿಯಾಗಿ ಬೀಳುವುದು ಇತ್ತೀಚೆಗೆ ಸೇರಿಕೊಂಡ ದೋಷ.

ಈ ವರದಿಯ ಪ್ರತಿಯನ್ನು ನಾಟ್ಯ ಪರೀಕ್ಷೆ ನಡೆಸುವ ಮಂಡಳಿಗೂ ಮಾಹಿತಿಗಾಗಿ ಕಳಿಸಲಾಯಿತು. ಮಾಹಿತಿಗಾಗಿ ಬಂದದ್ದನ್ನು ಓದುವ ರೂಢಿ ಅಲ್ಲಿರಲಿಲ್ಲ. ಆದರೆ ಅದರ ಮೇಲೆ ಮೂರು ಕಚೇರಿಗಳ ಮೊಹರು ಇದ್ದುದರಿಂದ, ಓದದೆ ಜಾರಿಗೆ ತಂದರು.

ಪರೀಕ್ಷೆ ನಡೆದದ್ದು ಅರಸೀಕೆರೆಯ ಒಂದು ಕಲ್ಯಾಣಮಂಟಪದಲ್ಲಿ. ನಂದಿತಾಳ ಜೊತೆಗೆ ಮುದ್ದಮ್ಮ, ಧರ್ಮಾವತಿಯಮ್ಮನವರು, ಬ್ರಹ್ಮದೇವಯ್ಯನವರು ಹೋಗಿದ್ದರು. ಅರಸೀಕೆರೆಯಲ್ಲಿ ಮಂಡಿಗೆ ಎಣ್ಣೆ ಕೊಡುವವರಿದ್ದಾರೆಂದು ಮರಿಯಣ್ಣನೂ ಹೊರಟಿದ್ದ. ಹುಡುಗಿ ವೇದಿಕೆ ಹತ್ತಿ, ನೆಲ ಮುಟ್ಟಿ ನಮಸ್ಕರಿಸಿ, ಅರೆಮಂಡಿಯಲ್ಲಿ ಕೂತು ಹೆಜ್ಜೆ ಹಾಕಿದಳು. ಅಂಥ ಹೆಜ್ಜೆಯನ್ನು ತಾವು ಆ ಮೊದಲು ನೋಡಿರಲಿಲ್ಲ ಎಂದು ಬ್ರಹ್ಮದೇವಯ್ಯನವರು ನನಗೆ ಹೇಳುವಾಗ ಅವರ ಹೆಂಡತಿ ಬೇರೆ ಕಡೆ ನೋಡುತ್ತಿದ್ದರು.

ಪರೀಕ್ಷಕಿ ನಿಲ್ಲಿಸಲು ಹೇಳಿದರು.

"ಎಡಗಾಲು ಬೇಗ ಬಂತಲ್ಲಮ್ಮ."

"ಇಲ್ಲ ಮೇಡಂ. ಸರಿಯಾದ ಟೈಮಿಗೆ ಬಂತು."

"ನಾನೂ ಅದನ್ನೇ ಹೇಳ್ತಿರೋದು."

ಅವರು ಮಂಡಳಿಯ ಹೊಸ ಸುತ್ತೋಲೆ ತೋರಿಸಿದರು. ಅದರಲ್ಲಿ "ಹಗರೆ ಕಡೆಯ ಪ್ರಾಚೀನ ಸಂಪ್ರದಾಯ" ಎಂದು ಬರೆದಿತ್ತು. ಅದು ತನ್ನದೇ ಹಳೇ ತಪ್ಪು ಎಂದು ನಂದಿತಾ ಹೇಳಿದಳು. ಹಾಗಾದರೆ ಮಾಡಿ ತೋರಿಸು ಎಂದು ಪರೀಕ್ಷಕಿ ಉದಾರವಾಗಿ ಇನ್ನೊಂದು ಅವಕಾಶ ಕೊಟ್ಟರು. ಹುಡುಗಿ ಮಾಡಲು ಹೋದಳು. ಆಗಲಿಲ್ಲ. ಎಡಗಾಲು ಹೊತ್ತಿಗೆ ಸರಿಯಾಗಿ ಬಿತ್ತು. ಬೇಕೆಂದೇ ತಡೆದು ಹಿಡಿದಳು. ಅದು ಬೆರಳಿಂದ ಬೆರಳಿಗೆ ನಡುಗಿ, ಕೊನೆಗೂ ಹೊತ್ತಿಗೇ ಬಿತ್ತು. ಕೆಳಗೆ ಕೂತಿದ್ದ ಮುದ್ದಮ್ಮ, "ಎಂದಿನಂಗೇ ಹಾಕವ್ವ, ಕೊಟ್ಟಿಗೇಲಿ ಹಾಕ್ತಿದ್ದಂಗೆ," ಅಂದಳು.

ಆ ಹೊತ್ತಿಗೆ ಮರಿಯಣ್ಣ ಹುಡುಗಿಗೆ ನೀರು ಕೊಡಲೆಂದು ವೇದಿಕೆಯ ಮೆಟ್ಟಿಲು ಹತ್ತತೊಡಗಿದ. ಬಲಗಾಲು ಬಂತು. ಎಲ್ಲರೂ ಕಾದರು. ಆಮೇಲೆ ಎಡಗಾಲು ಬಂತು. ಪರೀಕ್ಷಕಿ ಎದ್ದು ನಿಂತರು.

"ಯಜಮಾನರೇ, ಇದನ್ನ ಎಲ್ಲಿ ಕಲಿತ್ರಿ?"

"ಕಲಿಯಾದೇನೈತೆ ತಾಯಿ. ಬಾವಿ ತೋಡುವಾಗ ಬಿದ್ದಿದ್ದೆ."

ಗೈರುಹಾಜರಾದ ಒಬ್ಬ ಅಭ್ಯರ್ಥಿಯ ಜಾಗದಲ್ಲಿ ಮರಿಯಣ್ಣನನ್ನು ಪರೀಕ್ಷಿಸಲಾಯಿತು. ಪಂಚೆ ಎತ್ತಿ ಕಟ್ಟಿ, ಮೆಟ್ಟಿಲನ್ನು ಮತ್ತೊಮ್ಮೆ ಇಳಿದು ಹತ್ತಿದ. ಪ್ರಥಮ ದರ್ಜೆ ಬಂತು. ನಂದಿತಾ ಫೇಲಾದಳು. ಮಂಡಿಗೆ ಎಣ್ಣೆ ಹಚ್ಚಕೂಡದು ಎಂದು ಪರೀಕ್ಷಕಿ ಮರಿಯಣ್ಣನಿಗೆ ಕಟ್ಟುನಿಟ್ಟಾಗಿ ಹೇಳಿದರು.

ಧರ್ಮಾವತಿಯಮ್ಮನವರು ಮಾತಿಗೆ ತಪ್ಪುವವರಲ್ಲ. ಚಿಕ್ಕ ಮಕ್ಕಳ ತರಗತಿ ಪಾಸಾದವರಿಗೆ ಎಂದಿದ್ದರು, ಪಾಸಾದದ್ದು ಮರಿಯಣ್ಣ. ಈಗ ಆತ ಹಳೇಬೀಡಿನ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಡುತ್ತಾನೆ. ಮುಂದಿನ ಸಾಲಿನಲ್ಲಿ ಸಣ್ಣ ಮಕ್ಕಳು, ಅವರ ಹಿಂದೆ ಶಶಿಧರ್ ಮತ್ತು ಇಂದ್ರೇಶ್ ಅವರು, ಇಲಾಖಾ ತರಬೇತಿ ಎಂದು. ಧರ್ಮಾವತಿಯಮ್ಮನವರೂ ಗೋಡೆಯ ಹತ್ತಿರ ನಿಂತು ಅಭ್ಯಾಸ ಮಾಡುತ್ತಾರೆ. ಇಷ್ಟು ವರ್ಷ ಸರಿಯಾಗಿ ಹಾಕಿದ್ದರಿಂದ ಅವರಿಗೆ ಎಲ್ಲರಿಗಿಂತ ಹೆಚ್ಚು ಕಷ್ಟ. ಅವರ ಪಕ್ಕದಲ್ಲಿ ನಂದಿತಾ ನಿಲ್ಲುತ್ತಾಳೆ. ಅವಳ ಎಡಗಾಲಿಗೆ ರಾಗಿ ತುಂಬಿದ ಚೀಲ ಕಟ್ಟಿ, ಮೊದಲು ಬಹಳ ನಿಧಾನಕ್ಕೆ, ಆಮೇಲೆ ಇನ್ನೂ ನಿಧಾನಕ್ಕೆ ಹಾಕಿಸುತ್ತಾರೆ. ಸರಿಹೋದರೆ ಮೊದಲಿಗೆ ಹೋಗುವ ಹಾಗಿಲ್ಲ, ಸರಿಹೋದ ಜಾಗಕ್ಕೇ ಹೋಗಬೇಕು.

"ಆತ್ರ ಪಡಬ್ಯಾಡ ಕಣವ್ವ," ಎಂದು ಮರಿಯಣ್ಣ ಧೈರ್ಯ ಹೇಳುತ್ತಾನಂತೆ. "ನಂಗೂ ಅರವತ್ತಾದ್ಮೇಲೇ ಬಂದಿದ್ದು."

ಚಂದ್ರಿ ಈಗ ತುಂಬು ಗಬ್ಬ. ಹಾಲು ನಿಲ್ಲಿಸಿ ಬಹಳ ದಿನವಾಯಿತು. ಆದರೆ ಹಾಲಿಲ್ಲದಿದ್ದರೆ ಅಭ್ಯಾಸ ಬಿಡಬಹುದು ಎಂದು ಸಂಘದ ಪ್ರಕಟಣೆಯಲ್ಲಿ ಎಲ್ಲೂ ಇಲ್ಲವಾದ್ದರಿಂದ ಮುದ್ದಮ್ಮ ಖಾಲಿ ಬಕೆಟ್ ಇಟ್ಟುಕೊಂಡು, ಎತ್ತಿನ ಗೆಜ್ಜೆ ಕಟ್ಟಿ, ಎರಡು ಹೊತ್ತೂ ತಪ್ಪದೆ ತಪ್ಪುತ್ತಾಳೆ.

ಹೋದ ಶುಕ್ರವಾರ ಪಡಸಾಲೆಯಲ್ಲಿ ನಂದಿತಾಳ ಎಡಗಾಲು, ಚೀಲ ಬಿಚ್ಚಿದ ಮೇಲೂ, ತಾನಾಗಿಯೇ ಒಂದು ಸಲ ತಡವಾಯಿತಂತೆ. ಎಲ್ಲರೂ ಸಂತೋಷಪಟ್ಟರು. ಧರ್ಮಾವತಿಯಮ್ಮನವರು ಒಳಗೆ ಹೋಗಿ ಬೆಲ್ಲ ತಂದು ಕೊಟ್ಟರು. ಹುಡುಗಿ ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ತನ್ನ ಕಾಲನ್ನೇ ನೋಡುತ್ತ ನಿಂತಿದ್ದು, ಆಮೇಲೆ ಅದೇ ಜಾಗದಿಂದ ಮತ್ತೆ ಶುರುಮಾಡಿದಳಂತೆ. ಈ ಸಲ ಪಾಸಾಗುತ್ತಾಳೆ ಎಂದು ಎಲ್ಲರೂ ಹೇಳುತ್ತಾರೆ. ಬೇಲೂರಿನ ಕೇಶವಸ್ವಾಮಿ ಹಾಗೇ ಮಾಡಲಿ.

ನಾನು ಕೇಳಿದ್ದು ಇಷ್ಟು. ಇದನ್ನು ಓದಿದವರು ಇನ್ನೊಬ್ಬರಿಗೆ, ಹಗರೆಯ ಬಸ್ಸಿನಲ್ಲೋ ಡೈರಿಯ ಸಾಲಿನಲ್ಲೋ ಸಿಕ್ಕಿದಾಗ, ದಯಮಾಡಿ ಹೇಳಬೇಕು. ನಾನು ಬರೆದದ್ದರಲ್ಲಿ ಎಲ್ಲಾದರೂ ತಪ್ಪು ಕಂಡರೆ ಅದನ್ನು ತಿದ್ದದೆ ಹಾಗೆಯೇ ಹೇಳಿ. ಮುಂದೆ ಯಾರಿಗಾದರೂ ಅದರಲ್ಲೇ ಪರೀಕ್ಷೆ ಇರಬಹುದು.